ಗೋಡೆಯಷ್ಟು ದೈತ್ಯ

ವಿಜ್ಞಾನದ ಪುಸ್ತಕ ತೆರೆದರೆ ಸಾಕು, ಮೆಕ್ಯಾನಿಕ್‌ನ ಮಗಳಿಗೆ ಆಕಳಿಕೆ ಬರುತ್ತಿತ್ತು. ಬಾಯಿಗೆ ಬ್ರೇಕಿಲ್ಲದ ಈ ಹುಡುಗಿಯನ್ನು ಒಂಬತ್ತನೇ ತರಗತಿಯವರೆಲ್ಲ ಕರೆಯುತ್ತಿದ್ದುದು ‘ಪಟಪಟಿ’ ಎಂದು. ಪಾಠ ಮಾತ್ರ ಅವಳ ತಲೆಗೆ ಹತ್ತುತ್ತಿರಲಿಲ್ಲ. ಹೊಸದಾಗಿ ಬಂದ ನಾಟಕದ ಮೇಷ್ಟ್ರು, “ಬೆಳಕಿನ ಪಾಠನ ಈ ಸಲ ನೆರಳಿನಾಟದಲ್ಲೇ ಕಲಿಯೋಣ. ದೈತ್ಯನ್ನ ಯಾರು ಆಡಿಸ್ತೀರಿ?” ಎಂದಾಗ ಅವಳು ಎರಡೂ ಕೈ ಎತ್ತಿದಳು.

ರಟ್ಟು ಕತ್ತರಿಸಿ ದೈತ್ಯನನ್ನು ಮಾಡಿದ್ದಾಯಿತು. ಕಿಟಕಿಗಳಿಗೆ ಕಂಬಳಿ ಹೊದಿಸಿ, ಸೂರಿನಿಂದ ನೆಲದವರೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಹಿಂದೆ ಟ್ಯೂಬ್‌ಲೈಟ್ ಹಚ್ಚಿದರು. ಪರದೆಯ ಮೇಲೆ ಮೂಡಿದ್ದು ಗೇಣುದ್ದದ ಮಸುಕು ಕಲೆ.

“ಇದು ದೈತ್ಯ ಅಲ್ಲ ಕಣೇ, ಹಲ್ಲಿ!” ಗೆಳತಿ ಬಿದ್ದು ಬಿದ್ದು ನಕ್ಕಳು.

ಪಟಪಟಿಗೆ ರೋಷ ಉಕ್ಕಿತು. ಗೊಂಬೆಯನ್ನು ದೀಪದ ಹತ್ತಿರ ಒಯ್ದಳು. ನೆರಳು ಹಿಗ್ಗಿತು, ಆದರೆ ಅಂಚೆಲ್ಲ ಕಲಸಿಹೋಯಿತು.

“ಯಾಕೆ ಸಾರ್ ಹೀಗೆ?”

“ನನ್ನನ್ಯಾಕೆ ಕೇಳ್ತೀಯಾ? ಆ ದೀಪನ ಕೇಳು.”

ಉದ್ದನೆಯ ಟ್ಯೂಬನ್ನು ದಿಟ್ಟಿಸುತ್ತಾ ನಿಂತಳು. ಅದರ ಅರ್ಧಕ್ಕೆ ರಟ್ಟು ಮುಚ್ಚಿದಳು. ಅಂಚು ಕೊಂಚ ಚೂಪಾಯಿತು. ಇನ್ನಷ್ಟು ಮುಚ್ಚಿದಳು, ದೈತ್ಯನ ಬೆರಳುಗಳು ಬಿಡಿಬಿಡಿಯಾಗಿ ಕಂಡವು! ಆದರೆ ಬೆಳಕೇ ಸಾಲದು.

“ಗೊತ್ತಾಯ್ತು! ಉದ್ದದ ದೀಪ ಒಂದೊಂದು ಕಡೆಯಿಂದ ಒಂದೊಂದು ನೆರಳು ಮಾಡ್ತಿದೆ. ಪುಟ್ಟ ದೀಪ ಬೇಕು ಸಾರ್, ಆದ್ರೆ ಕಣ್ಣು ಕುಕ್ಕೋ ಹಾಗಿರ್ಬೇಕು!”

ಎದ್ದೆನೋ ಬಿದ್ದೆನೋ ಎಂದು ಗ್ಯಾರೇಜಿಗೆ ಓಡಿದಳು.

“ಅಪ್ಪಾ, ಹೆಡ್‌ಲೈಟಿನ ಬಲ್ಬು ಕೊಡು, ಬರೀ ಬಲ್ಬು. ಬ್ಯಾಟರೀನೂ!”

“ಸ್ಕೂಲಲ್ಲಿ ಗಾಡಿ ಓಡಿಸ್ತೀರೇನೇ?”

“ದೈತ್ಯನ್ನ ಓಡಿಸ್ತೀವಿ!”

ಶನಿವಾರ ಬೆಳಿಗ್ಗೆ ಮಕ್ಕಳ ಮನೆಯವರೆಲ್ಲ ಶಾಲೆಗೆ ಬಂದು ಕೂತರು. ಕತ್ತಲ ಕೋಣೆಯಲ್ಲಿ ಬಲ್ಬು ಝಗ್ಗನೆ ಹೊತ್ತಿತು. ಪರದೆಯ ಮೂಲೆಯಲ್ಲಿ ಕಾಣಿಸಿದ ದೈತ್ಯ, ಪಟಪಟಿ ಹೆಜ್ಜೆ ಹೆಜ್ಜೆಯಾಗಿ ದೀಪದತ್ತ ಸರಿದಂತೆ ಬೆಳೆದ, ಬೆಳೆದ, ಸೂರಿಗೆ ಮುಟ್ಟಿದ. ಒಂದೊಂದು ಉಗುರೂ ಸ್ಪಷ್ಟ!

“ಅಯ್ಯೋ ನಮ್ಮಪ್ಪಾ!” ಪಟಪಟಿಯ ಅಜ್ಜಿ ಚೀರಿ ಮಗನ ತೋಳು ಹಿಡಿದರು. ಚಪ್ಪಾಳೆ ಕಿವಿ ಗಡಚಿಕ್ಕಿತು.

ಆಟ ಮುಗಿದ ಮೇಲೆ ವಿಜ್ಞಾನದ ಮೇಡಂ, “ಹೇಗೆ ಮಾಡ್ದೆ ಅಂತ ಎಲ್ರಿಗೂ ಹೇಳಮ್ಮ,” ಎಂದು ಚಾಕ್‌ಪೀಸ್ ಕೊಟ್ಟರು. ಪಟಪಟಿ ಗೆರೆ ಮೇಲೆ ಗೆರೆ ಎಳೆದು, ಉಸಿರು ಬಿಡದೆ ಹೇಳಿದಳು. ಈ ಸಲ ಯಾರೂ ಅವಳಿಗೆ ಬಾಯಿ ಮುಚ್ಚು ಎನ್ನಲಿಲ್ಲ.

ಅಜ್ಜಿಗೆ ಆಗಲೇ ಹೊಸ ಅನುಮಾನ. “ಬಣ್ಣದ ಕಾಗದ ಅಡ್ಡ ಇಟ್ರೆ ನೆರಳಿಗೂ ಬಣ್ಣ ಬರುತ್ತೇನೇ?”

“ಗೊತ್ತಿಲ್ಲಜ್ಜಿ,” ಎಂದಳು ಪಟಪಟಿ, ಕಣ್ಣರಳಿಸಿ. “ನೋಡೇಬಿಡೋಣ, ಕಂಬಳಿ ಬಿಚ್ಬೇಡ್ರೋ!”