ಬ್ಯಾಂಕಿನ ಹೆಸರಿನ ವ್ಯಾನು

ಗಾಡಿಯ ಸಾಲ ತೀರಿದ ಕೂಡಲೇ ಬ್ಯಾಂಕಿಗೆ ಹೋಗಿ, ಕಾಗದದ ಮೇಲಿನ ಅಡಮಾನ ತೆಗೆಸಿಕೊಂಡು ಬರಬೇಕು. ತಲೆ ನೆಟ್ಟಗಿರುವವರು ಮಾಡುವುದು ಹಾಗೆ. ಆದರೆ ನಮ್ಮೂರ ಸ್ಟ್ಯಾಂಡಿನಲ್ಲಿ ನಿಂತು ಮನೆ ಸಾಮಾನು ಸಾಗಿಸುವ ವ್ಯಾನಿನವರ ಲೆಕ್ಕವೇ ಬೇರೆ. ಕೊನೆಯ ಕಂತು ಕಟ್ಟಿದ ಮೇಲೂ ಬ್ಯಾಂಕಿನ ಹೆಸರನ್ನು ಬೇಕೆಂತಲೇ ಹಾಗೇ ಬಿಡುತ್ತಿದ್ದರು. ಮದುವೆಗೆ, ಮನೆ ಕಟ್ಟುವುದಕ್ಕೆ ಎಂದು ನೆಂಟರು ದುಡ್ಡಿಗೆ ಬಾಯಿ ತೆರೆದರೆ ಕಾಗದ ಮುಂದೆ ಹಿಡಿಯುವುದು, "ನೋಡಿ, ಗಾಡಿ ಇನ್ನೂ ಅಡ ಇದೆ" ಎನ್ನುವುದು. ಅಲ್ಲಿಗೆ ಮಾತು ಮುಗಿಯಿತು. ಇದಕ್ಕೆ "ನೆಂಟರ ಬೇಲಿ" ಎಂದು ಹೆಸರು ಬೇರೆ ಇಟ್ಟುಕೊಂಡಿದ್ದರು, ಪುಣ್ಯಾತ್ಮರು.

ಅವರಲ್ಲೊಬ್ಬ ಸಣಕಲ ಆಸಾಮಿ, ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಕಡ್ಡಿ ಎಂದು. ಅವನು ಆ ಬೇಲಿಯನ್ನು ಹಾಕಿದ್ದು ಒಡಹುಟ್ಟಿದ ಅಕ್ಕನಿಗೆ. ಭಾವ ಆಸ್ಪತ್ರೆ ಸೇರಿದ್ದಾಗ ಅಕ್ಕ ಸ್ಟ್ಯಾಂಡಿಗೇ ಬಂದಿದ್ದಳು.

"ವ್ಯಾನ್ ಮೇಲೆ ಒಂದಿಷ್ಟು ದುಡ್ಡು ಎತ್ತಿಕೊಡೋ. ಆಪರೇಷನ್ ಮಾಡಿದ್ರೆ ಉಳೀತಾರಂತೆ."

"ಇರೋ ಸಾಲಾನೇ ಕುತ್ತಿಗೆಗೆ ಬಂದಿದೆ ಅಕ್ಕ. ಕಂತು ತಪ್ಪಿದ್ರೆ ಗಾಡೀನೇ ಎಳ್ಕೊಂಡು ಹೋಗ್ತಾರೆ."

ಆಗ ಸಾಲ ತೀರಿ ಎರಡು ವರ್ಷವಾಗಿತ್ತು. ಆ ಸಾಲಕ್ಕೆ ಜಾಮೀನು ನಿಂತವಳು ಅಕ್ಕನೇ, ಆದರೂ ನಂಬಿದಳು. ತಮ್ಮನ ಮಾತನ್ನು ಬ್ಯಾಂಕಿಗೆ ಹೋಗಿ ತಾಳೆ ನೋಡುವ ಬುದ್ಧಿ ಅವಳಿಗಿರಲಿಲ್ಲ. ಭಾವ ಉಳಿಯಲಿಲ್ಲ. ಹೆಣದ ಮುಂದೆ ಕಡ್ಡಿ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ನಾಟಕವಲ್ಲ ಎಂಬುದೇ ನನಗೆ ಹೇಸಿಗೆ ತರಿಸುವ ಸಂಗತಿ.

ಈಗ ಬೀರು, ಮಂಚ ಹೊತ್ತು ಹೊತ್ತು ಕಡ್ಡಿಯ ಸೊಂಟ ಬಿದ್ದುಹೋಗಿತ್ತು. ಬೇಕರಿಯವನೊಬ್ಬ ವ್ಯಾನಿಗೆ ಒಳ್ಳೆಯ ಬೆಲೆ ಹೇಳಿದ್ದ. ಆದರೆ ಕಾಗದದ ಮೇಲೆ ಬ್ಯಾಂಕಿನ ಹೆಸರು ಇರಕೂಡದು ಎಂದ. ಬ್ಯಾಂಕಿನಲ್ಲಿ ಕೇಳಿದರೆ, ಜಾಮೀನುದಾರರೂ ಬಂದು ಎದುರಿಗೇ ರುಜು ಹಾಕಬೇಕು ಎಂದರು. ಕಡ್ಡಿಗೆ ಇದು ಬೇಡವಾಗಿತ್ತು. ಆದರೂ ಅಕ್ಕನಿಗೆ ಫೋನ್ ಮಾಡಿ, ಸಾಲ ಈಗಷ್ಟೇ ತೀರಿತು ಎಂದ.

"ಅಂತೂ ಗೆದ್ದೆಯಲ್ಲೋ!" ಎಂದು ಅಕ್ಕ ಆ ಕಡೆಯಿಂದ ಹಿಗ್ಗಿದಳು.

ಮರುದಿನ ಇಸ್ತ್ರಿ ಸೀರೆ ಉಟ್ಟುಕೊಂಡು, ಎರಡು ಬಸ್ಸು ಬದಲಿಸಿ ಬಂದಳು. ಕಡ್ಡಿ ಅವಳನ್ನು ಕೌಂಟರಿನ ಮುಂದೆ ಕೂರಿಸಿ, ರುಜು ಹಾಕುವ ಜಾಗವೊಂದನ್ನು ಬಿಟ್ಟು ಉಳಿದ ಕಾಗದದ ಮೇಲೆಲ್ಲ ಅಂಗೈ ಊರಿದ.

"ಕೈ ತೆಗೀರಿ" ಎಂದ ಗುಮಾಸ್ತ. "ಓದಿ ಹೇಳದೆ ನಾನು ರುಜು ತಗೊಳ್ಳೋ ಹಾಗಿಲ್ಲ." ಅವನು ಒಂದೇ ಉಸಿರಿಗೆ ಓದಿ ಮುಗಿಸಿ, ಕನ್ನಡಕದ ಮೇಲಿಂದ ಅಕ್ಕನನ್ನು ನೋಡಿದ. "ಸಾಲ ತೀರಿ ಐದು ವರ್ಷ ಆಯ್ತಲ್ಲಮ್ಮಾ, ಇಷ್ಟು ದಿನ ಯಾಕೆ ಅಡಮಾನ ತೆಗೆಸ್ಲಿಲ್ಲ?"

"ಮರೆತೇ ಹೋಗಿತ್ತು ಸಾರ್" ಎಂದು ಕಡ್ಡಿ ಹಲ್ಲು ಕಿರಿದ.

ಅಕ್ಕ ಪೆನ್ನು ಹಿಡಿದುಕೊಂಡೇ ಕೇಳಿದಳು, "ನಿನ್ನ ಭಾವ ಹೋಗಿ ಎಷ್ಟು ವರ್ಷ ಆಯ್ತೋ?"

ಮೂರು ವರ್ಷ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಎಂದು ಗೊಣಗಿದರು. ಅವಳು ಎದ್ದು ಹೋಗುತ್ತಾಳೆ, ಬೇಕರಿಯವನ ದುಡ್ಡೂ ಹೋಯಿತು ಎಂದುಕೊಂಡ ಕಡ್ಡಿ. ಹೌದು, ಆ ಗಳಿಗೆಯಲ್ಲೂ ಅವನಿಗೆ ಮೊದಲು ಹೊಳೆದದ್ದು ಅದೇ.

ಅಕ್ಕ ಎದ್ದು ಹೋಗಲಿಲ್ಲ. ತೋರಿಸಿದ ಕಡೆಯಲ್ಲೆಲ್ಲ ದುಂಡಗೆ ರುಜು ಹಾಕಿದಳು. ಪೆನ್ನಿಗೆ ಮುಚ್ಚಳ ಹಾಕಿ ಗುಮಾಸ್ತನಿಗೆ ಕೊಟ್ಟಳು. ಕಡ್ಡಿ ಅವಳ ಹಿಂದೆಯೇ ಬಾಗಿಲವರೆಗೆ ಓಡಿದ.

"ಅಕ್ಕ, ಒಂದ್ನಿಮಿಷ, ನಾನು ಹೇಳೋದು ಕೇಳು..."

"ಜೀವ ಹೋಗೋ ಮುಂಚೆ ಅವರು ನನ್ನ ಕೈ ಹಿಡ್ಕೊಂಡು ಏನಂದ್ರು ಗೊತ್ತಾ?" ಅಕ್ಕನ ಧ್ವನಿ ಏರಲೂ ಇಲ್ಲ, ಒಡೆಯಲೂ ಇಲ್ಲ. "'ದುಡ್ಡಿಗೆ ಅಂತ ಆ ಹುಡುಗನ್ನ ಮತ್ತೆ ಪೀಡಿಸಬೇಡ, ಪಾಪ. ಅವನ ಗಾಡಿ ಹೋಗದ ಹಾಗೆ ನೋಡ್ಕೋ' ಅಂದ್ರು. ಆಗಲಿ ಅಂದಿದ್ದೆ. ಅದಕ್ಕೇ ರುಜು ಹಾಕ್ದೆ, ಇನ್ನು ಬ್ಯಾಂಕಿನವರು ನಿನ್ನ ಗಾಡಿ ಮುಟ್ಟೋ ಹಾಗಿಲ್ಲ. ಅವರಿಗೆ ಕೊಟ್ಟ ಮಾತು ತೀರ್ತು. ಇನ್ನು ನಾನು ಸತ್ತರೂ ನಿನಗೆ ಹೇಳಿ ಕಳಿಸಬಾರದು ಅಂತ ಮಕ್ಕಳಿಗೆ ಹೇಳಿರ್ತೀನಿ."