ಹಳದಿ ಟವೆಲಿನ ಮಗು

ಮತ್ತೆ ಆ ಚಮಚಗಳು, ಪ್ರತಿ ತಿರುವಿನಲ್ಲೂ ಹಿಂದಿನ ಡ್ರಾಯರ್ ತಾನಾಗಿ ತೆರೆದು ಮುಚ್ಚಿಕೊಳ್ಳುತ್ತದೆ, ಟೇಪ್ ಅಂಟಿಸಬೇಕು ಎಂದು ಗ್ದಾನ್ಸ್ಕ್ ದಾಟುವಾಗಲೇ ಅಂದುಕೊಂಡಿದ್ದೆ, ಅಂಟಿಸಲಿಲ್ಲ, ನಾನು ಅಂದುಕೊಳ್ಳುತ್ತೇನೆ, ಪಟ್ಟಿ ಮಾಡುತ್ತೇನೆ, ಗ್ಯಾಸ್ ಆರಿಸಿದೆನಾ, ಮಕ್ಕಳ ಸೀಟಿನ ಬೆಲ್ಟ್ ಬಿಗಿಯಿದೆಯಾ, ಪುಟ್ಟ ಗುಚೊನ ಜ್ವರದ ಔಷಧಿ ಫ್ರಿಜ್ಜಿನಲ್ಲಿದೆಯಾ, ಎಂಟು ದಿನ ಚಕ್ರದ ಮೇಲಿನ ಈ ತಗಡಿನ ಮನೆಯಲ್ಲಿ ಕೆರೆಗಳ ನಾಡು ಮುಗಿಸಿ, ಗ್ದಾನ್ಸ್ಕ್ ಮುಗಿಸಿ, ವೆಬಾದ ಕಡಲತೀರ ಮುಗಿಸಿ ಈಗ ತೊರುನ್‌ನ ಅತ್ತೆಯ ಮನೆಗೆ ಹೊರಟಿದ್ದೇವೆ, ಎಂಟು ದಿನವೂ ಎಲ್ಲರಿಗಿಂತ ಮೊದಲು ಎದ್ದು ಒಂದೊಂದು ಕಿಟಕಿಯ ಚಿಲಕವನ್ನೂ ಮುಟ್ಟಿ ನೋಡಿದವಳು ನಾನು, ಮತ್ತು ಇವತ್ತು ಬೆಳಿಗ್ಗೆ ಹತ್ತೂಮುಕ್ಕಾಲಿಗೆ — ಬೇಡ, ರಸ್ತೆ ನೋಡು, ಪೈನ್ ಮರಗಳು, ಪೈನ್ ಮರಗಳು, ಸ್ವಾವೆಕ್ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದಾನೆ, ಯಾವಾಗಲೂ ಒಂದೇ ಕೈ, ಇನ್ನೊಂದು ನನ್ನ ಮೊಣಕಾಲಿನ ಮೇಲೆ, ಇವತ್ತು ಎರಡೂ ಅಲ್ಲೇ, ಪರೀಕ್ಷೆಗೆ ಕೂತ ಹುಡುಗನ ಹಾಗೆ, ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು ಬೇಸತ್ತು ಮುಂದೆ ಹೋದ, ಹಾಡಿಲ್ಲ, ತಮಾಷೆಯಿಲ್ಲ, ನಿನ್ನೆಯವರೆಗೆ ಕೊಕ್ಕರೆ ಕಂಡಾಗಲೆಲ್ಲ ಮೊದಲು ಕೂಗಿದವರಿಗೆ ಒಂದು ಅಂಕ ಎಂದು ಮಕ್ಕಳ ಜೊತೆ ಕಿರುಚುತ್ತಿದ್ದವನು, ಈಗಷ್ಟೇ ಕಂಬದ ಮೇಲಿನ ಗೂಡಿನಲ್ಲಿ ಮೂರು ಮರಿಗಳು ಸಾಲಾಗಿ ನಿಂತಿದ್ದವು, ಯಾರೂ ಕೂಗಲಿಲ್ಲ, ಬೊಗ್ನಾ, ಅಂದ, ಕಣ್ಣು ರಸ್ತೆಯ ಮೇಲೇ, ಅಮ್ಮಂಗೆ ನಾನೇ ಹೇಳ್ತೀನಿ, ಕಲಿನಾ ಬಾಯಿಬಿಡೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ, ನನ್ನಿಂದಾನೇ ಅವ್ಳು ಕಳ್ದೋಗಿದ್ಲು ಅಂತ, ಬೈಯೋದಿದ್ರೆ ನನ್ನನ್ನ ಬೈಲಿ. ಬೈಯುತ್ತಾರೆ. ಆರು ಗಂಟೆಗೆ ಕೋಳಿ ಸಾರು ಬಡಿಸುತ್ತಾ ಬೈಯುತ್ತಾರೆ, ಮರೆವಿನ ಮಂಕ ಅಂತ ನಿನ್ನನ್ನ ಸುಮ್ಸುಮ್ನೆ ಕರೀತಿದ್ನೇನೋ, ಕೈಗವಸು ಕಳ್ಕೊಂಡೆ, ಸೈಕಲ್ ಕಳ್ಕೊಂಡೆ, ಈಗ ಹೆತ್ತ ಮಗೂನೂ ಬಿಟ್ಟು ಬರ್ತೀಯಾ, ಅವನು ತಲೆ ತಗ್ಗಿಸಿ ಸಾರಿನೊಳಗಿನ ಶಾವಿಗೆ ಕೆದಕುತ್ತಾನೆ, ಎಲ್ಲರೂ ನಂಬುತ್ತಾರೆ, ಅವನೇ ನಂಬಿಬಿಟ್ಟಿದ್ದಾನೆ.

ಆದರೆ ಅವನು ಹೇಳಿದ್ದ. ಕೆನೆ ಹಾಕಿದ ಬಿಸಿ ಗೋಫ್ರಿ ತರ್ತೀನಿ, ಕ್ಯೂ ಉದ್ದ ಇದೆ, ಕಲಿನಾನ ನೋಡ್ಕೋ, ಅಂದಿದ್ದ, ನಾನು ಹೂಂ ಅಂದಿದ್ದೆ, ಅವನ ಚಪ್ಪಲಿ ಮರಳಿನಲ್ಲಿ ಅಂಗಡಿಯ ಕಡೆ ಹೋಗುವುದನ್ನೂ ಕೇಳಿದ್ದೆ, ಕೋಲು ನೆಟ್ಟು ಬಟ್ಟೆ ಬಿಗಿದ ಗಾಳಿಮರೆಯ ಒಳಗೆ ಗುಚೊ ಆಗಷ್ಟೇ ನಿದ್ದೆ ಹೋಗಿದ್ದ, ಬೆಳಗಿನ ಐದರಿಂದ ಅತ್ತು ಅತ್ತು ಕೊನೆಗೆ, ಎರಡು ನಿಮಿಷ, ಎರಡೇ ನಿಮಿಷ ಯಾರ ತಾಯಿಯೂ ಆಗದೆ ಮಲಗಿರಬೇಕು ಅನ್ನಿಸಿತು, ಅಷ್ಟರಲ್ಲಿ ಕಲಿನಾ ಬಂದು ಬಕೆಟ್ಟಿನ ಒದ್ದೆ ಮರಳನ್ನು ನನ್ನ ಪಾದದ ಮೇಲೆ ಸುರಿದಳು, ಅಮ್ಮಾ ಕೋಟೆ ಕಟ್ಟು ಬಾ, ಅಮ್ಮಾ ಬಾ, ಅಪ್ಪನ ಹತ್ರ ಹೋಗು, ನೀರ ಹತ್ರ ಇದಾನೆ ನೋಡು, ಅಂದೆ, ಕಣ್ಣು ತೆರೆಯದೆ ಬೆರಳು ತೋರಿಸಿದೆ, ಅವನು ನೀರಿನ ಹತ್ತಿರ ಇಲ್ಲವೆಂದು ಕಿವಿಗೆ ಗೊತ್ತಿತ್ತು, ಬಾಯಿಗೆ ಬೇಡವಾಗಿತ್ತು. ಐದು ವರ್ಷದ ಮಗು. ಆಮೇಲೆ ನಿದ್ದೆಯೋ ಏನೋ, ಆಮೇಲೆ ದೂರದಿಂದ ಚಪ್ಪಾಳೆ, ಹತ್ತಿರ ಬರುತ್ತಾ ಬರುತ್ತಾ ಜೋರಾಗುವ ಚಪ್ಪಾಳೆ, ನನ್ನ ಬಾಲ್ಯದಿಂದಲೂ ಕೇಳಿದ್ದು, ಕಳೆದುಹೋದ ಮಗುವನ್ನು ಯಾರಾದರೂ ಹೆಗಲೇರಿಸಿಕೊಂಡು ಹೊರಟರೆ ದಾರಿಯುದ್ದಕ್ಕೂ ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ, ಹೆತ್ತವರ ಕಿವಿಗೆ ಬೀಳುವವರೆಗೆ, ನಾನೂ ಎದ್ದು ಕೂತೆ, ನಾನೂ ತಟ್ಟಿದೆ. ಪಕ್ಕದ ಗಾಳಿಮರೆಯಲ್ಲಿ ಬೆನ್ನಿಗೆ ಎಣ್ಣೆ ಬಳಿದುಕೊಳ್ಳುತ್ತಿದ್ದ ಹೆಂಗಸು, ಇನ್ನೊಂದು ಕಳ್ದೋಯ್ತು ನೋಡಿ, ಬೆಳಿಗ್ಗೆಯಿಂದ ಇದು ಎರಡನೇದು, ಅಂದಳು, ನಾನು ಅಂದೆ — ಯಾರೂ ಅನ್ನಿಸಲಿಲ್ಲ, ನಾನೇ ಅಂದೆ — ಫೋನ್ ಹಿಡ್ಕೊಂಡು ಕೂತಿರ್ತಾರೆ, ಇಂಥೋರಿಗೆ ಮಕ್ಕಳು ಯಾಕ್ರೀ ಬೇಕು, ಅವಳು ನಕ್ಕಳು, ನಾನೂ ನಕ್ಕೆ, ಇಬ್ಬರೂ ತಟ್ಟಿದೆವು. ಬಂದ ಆ ಮನುಷ್ಯ, ಬಿಸಿಲಿಗೆ ಕೆಂಪಾದ ದೊಡ್ಡ ಹೊಟ್ಟೆ, ಹೆಗಲ ಮೇಲೆ ಯಾರದೋ ಹಳದಿ ಟವೆಲ್ ಸುತ್ತಿದ ಮಗು, ಅವನದೇ ಹುಲ್ಲಿನ ಹ್ಯಾಟು ಅದರ ಮೂಗಿನವರೆಗೆ ಇಳಿದಿತ್ತು, ಬಿಸಿಲು ನನ್ನ ಕಣ್ಣಿಗೇ ಬಡಿಯುತ್ತಿತ್ತು, ಮಗು ಅಳುತ್ತಿರಲಿಲ್ಲ, ತಲೆ ಎತ್ತಿ ಒಂದೊಂದೇ ಮುಖವನ್ನು ನೋಡುತ್ತಾ ಬಂತು, ಹ್ಯಾಟಿನ ನೆರಳಿನಲ್ಲಿ ಎರಡು ಕಣ್ಣು, ನನ್ನ ಮೇಲೆ ನಿಂತವು, ಕೆಳಗಿಳಿದವು, ಆಚೆ ಹೋದವು, ಪಾಪ ಅಂದುಕೊಂಡೆ, ಇನ್ನೂ ಜೋರಾಗಿ ತಟ್ಟಿದೆ. ಹದಿನೈದು ಹೆಜ್ಜೆ. ಅಷ್ಟು ದೂರ ಹೋದ ಮೇಲೆ ಆ ಮನುಷ್ಯನ ಪಕ್ಕೆಯ ಬಳಿ ಜೋತಾಡುತ್ತಿದ್ದ ಕಾಲು ಕಂಡಿತು, ಹಿಮ್ಮಡಿಗೆ ಮೀನಿನ ಚಿತ್ರದ ನೀಲಿ ಪಟ್ಟಿ, ಬೆಳಿಗ್ಗೆ ನಾನೇ ಊದಿ ಊದಿ ಅಂಟಿಸಿದ್ದು. ಓಡಿದೆ, ಗುಚೊನನ್ನು ಅಲ್ಲೇ ಬಿಟ್ಟು ಓಡಿದೆ, ಸ್ವಾವೆಕ್ ಎರಡು ಗೋಫ್ರಿ ಹಿಡಿದು ಆ ಕಡೆಯಿಂದ ಓಡಿ ಬಂದ, ಮಣಿಕಟ್ಟಿನವರೆಗೆ ಕೆನೆ ಸುರಿಯುತ್ತಿತ್ತು, ಎಲ್ಲಿ ಸತ್ತಿದ್ದೆ ನೀನು, ನಿನ್ನ ಹತ್ರ ಕಳಿಸಿದ್ನಲ್ಲ, ಅಂದೆ, ಎಲ್ಲರ ಎದುರಿಗೆ, ಎಣ್ಣೆಯ ಹೆಂಗಸಿನ ಎದುರಿಗೆ, ಅವನು, ಗೋಫ್ರಿ ತರೋಕೆ ಹೋಗ್ತೀನಿ ಅಂತ ಹೇಳಿದ್ನಲ್ವಾ, ಅಂದ, ನಾನು, ಇಲ್ಲ, ಹೇಳ್ಲಿಲ್ಲ ನೀನು. ಎಷ್ಟು ಸ್ಪಷ್ಟವಾಗಿ ಅಂದೆ. ಹೇಳ್ಲಿಲ್ವಾ, ಅಂದ ಅವನು, ಹೇಳ್ದೆ ಅಂದ್ಕೊಂಡೆ, ಅಯ್ಯೋ ದೇವರೇ, ಹೇಳ್ದೆ ಅಂದ್ಕೊಂಡ್ಬಿಟ್ಟೆ.

ಗಾಡಿ ನಿಂತಿದೆ, ಯಾಕೆ ನಿಂತಿತು, ಕಾಡಿನ ಅಂಚಿನಲ್ಲಿ ಸ್ಟೂಲು ಹಾಕಿಕೊಂಡು ಕೂತ ಮುದುಕಿ, ಮುಂದೆ ಹಳದಿ ಅಣಬೆಯ ಬುಟ್ಟಿ, ಕಾಡುಬೆರ್ರಿ ತುಂಬಿದ ಗಾಜಿನ ಜಾಡಿಗಳು, ಅಮ್ಮಂಗೆ ಒಂದು ಜಾಡಿ ತಗೊಳ್ತೀನಿ, ಸ್ವಲ್ಪ ತಣ್ಣಗಾಗ್ತಾಳೆ, ಎಂದು ಇಳಿದ, ನಗಲು ನೋಡಿದ, ಆಗಲಿಲ್ಲ. ಇಲ್ಲಿಂದ ತೊರುನ್ ಎರಡು ಗಂಟೆಯೂ ಇಲ್ಲ, ಹೇಳುವುದಿದ್ದರೆ ಈಗ, ಸಾರಿನ ಮೇಜಿಗೆ ಕೂತ ಮೇಲೆ ಹೇಳಲಾರೆ, ಸ್ವಾವೆಕ್, ಬೆಳಿಗ್ಗೆ ನಾನು — ಸ್ವಾವೆಕ್, ಒಂದು ವಿಷಯ — ಅಥವಾ ನಾಳೆ, ಮಕ್ಕಳಿಲ್ಲದಾಗ, ಅಥವಾ ಇಂಥದ್ದು ತಾನಾಗಿ ಮರೆತುಹೋಗುತ್ತದೆ, ಅವನಿಗೆ ಮರೆವು, ಛೀ. ಅಮ್ಮಾ, ಹಿಂದಿನಿಂದ ಕಲಿನಾ, ಆ ಹ್ಯಾಟ್ ಮಾಮ ಹೇಳಿದ್ದು ಸುಳ್ಳು. ಏನು ಸುಳ್ಳು ಪುಟ್ಟಾ. ಎಲ್ರೂ ಚಪ್ಪಾಳೆ ತಟ್ತಾರೆ, ನಿಮ್ಮಮ್ಮ ಒಬ್ಳೇ ತಟ್ಟಲ್ಲ, ತಟ್ಟದೇ ಇರೋಳೇ ನಿಮ್ಮಮ್ಮ, ಸರಿಯಾಗಿ ನೋಡ್ತಾ ಇರು ಅಂದ್ರು, ನಾನು ಸರಿಯಾಗೇ ನೋಡ್ದೆ, ನಾಯಿ ಹಿಡ್ಕೊಂಡಿದ್ದ ಆಂಟೀನ ನೋಡ್ದೆ, ತಾತನ್ನ ನೋಡ್ದೆ, ಆಮೇಲೆ ನಿನ್ನ ನೋಡ್ದೆ, ನೀನು ಥೇಟ್ ಅಮ್ಮನ ಥರಾನೇ ಇದ್ದೆ, ಆದ್ರೆ ತಟ್ತಿದ್ದೆ, ಅದಕ್ಕೇ ಬೇರೆ ಯಾರೋ ಅಂತ ಕೂಗ್ಲಿಲ್ಲ. ದನಿಯಲ್ಲಿ ದೂರಿಲ್ಲ, ಕೊಕ್ಕರೆಯ ಲೆಕ್ಕ ಒಪ್ಪಿಸುವ ಹಾಗೆ, ಪಕ್ಕದ ಸೀಟಿನಲ್ಲಿ ಗುಚೊ ಚಪ್ಪಾಳೆ ಎಂಬ ಮಾತು ಕೇಳಿದ್ದೇ ಎರಡೂ ಅಂಗೈ ಬಡಿದುಕೊಂಡು ನಗುತ್ತಿದ್ದಾನೆ. ಬಾಗಿಲು ತೆರೆಯಿತು, ಬೆರಳೆಲ್ಲ ನೇರಳೆ ಬಣ್ಣ ಮಾಡಿಕೊಂಡ ಸ್ವಾವೆಕ್ ಜಾಡಿಯನ್ನು ನನ್ನ ಮಡಿಲಿಗಿಟ್ಟ, ಮುಟ್ಟಿ ನೋಡು, ಬಿಸಿಲಿಗೆ ಇನ್ನೂ ಬೆಚ್ಚಗಿದೆ, ಕೀಲಿಗೆ ಕೈಹಾಕಿದ, ಹೊರಡಬೇಡ, ಅಂದೆ, ನೀನು ಹೇಳಿದ್ದೆ ಸ್ವಾವೆಕ್, ಗೋಫ್ರಿ ತರ್ತೀನಿ ಅಂತ ಹೇಳಿದ್ದೆ, ನಾನು ಕೇಳಿಸ್ಕೊಂಡಿದ್ದೆ, ಅವನು ನನ್ನ ಕಡೆ ತಿರುಗಿದ್ದಾನೆ, ತುಟಿ ಅಲ್ಲಾಡುತ್ತಿದೆ, ಏನೋ ಕೇಳುತ್ತಿದ್ದಾನೆ, ನನಗೆ ಕೇಳಿಸುತ್ತಿಲ್ಲ, ಹ್ಯಾಟಿನ ನೆರಳಿನಲ್ಲಿ ಎರಡು ಕಣ್ಣು, ಒಂದೊಂದೇ ಮುಖ ದಾಟಿ ಬರುತ್ತವೆ, ನನ್ನ ಮುಖಕ್ಕೆ ಬಂದು ನಿಲ್ಲುತ್ತವೆ, ಕೆಳಗಿಳಿದು ನನ್ನ ಕೈಗಳನ್ನು ನೋಡುತ್ತವೆ, ಪಕ್ಕದವಳ ಮುಖಕ್ಕೆ ಹೋಗುತ್ತವೆ.