ಮಾದರಿ ಬ್ಯಾರಕ್ಕಿನ ಪೇಂಟರ್

ಜೈಲಿನಲ್ಲಿ ಅವನನ್ನು ಎಲ್ಲರೂ ಪೇಂಟರ್ ಎಂದೇ ಕರೆಯುತ್ತಿದ್ದರು. ಒಳಗೆ ಬಂದದ್ದೂ ಆ ಕಸುಬಿನ ದೆಸೆಯಿಂದಲೇ. ಚುನಾವಣೆಗೆ ನಿಂತ ಮುಖಂಡನೊಬ್ಬ ಸರ್ಕಾರಿ ಕಚೇರಿಯ ಕಾಂಪೌಂಡ್ ತೋರಿಸಿ, ತನ್ನ ಹೆಸರನ್ನು ಆಳೆತ್ತರ ಬರೆಯಲು ಹೇಳಿದ್ದ, ಇವನು ಬರೆದ. ಪೊಲೀಸರು ಬಂದಾಗ ಹೆಸರಿನವನು ಕಾರು ಹತ್ತಿ ಹೋದ, ಬರೆದವನು ಜೀಪು ಹತ್ತಿದ. ಮುಖಂಡನಿಗೆ ಅಂದೇ ಜಾಮೀನು ಸಿಕ್ಕಿತು, ಆಮೇಲೆ ಚುನಾವಣೆಯಲ್ಲಿ ಗೆದ್ದೂ ಗೆದ್ದ. ಪೇಂಟರಿಗೆ ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ. ಇದ್ದವಳು ಒಬ್ಬಳೇ ಅಕ್ಕ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ತನ್ನದೆಂದು ತೋರಿಸಲು ಅವಳಿಗೆ ಒಂದು ಗೇಣು ನೆಲವೂ ಇರಲಿಲ್ಲ.

ಅವನ ಕೇಸು ಕೋರ್ಟಿನಲ್ಲಿ ಕರೆದಾಗಲೆಲ್ಲ ಜೈಲಿನಿಂದ ಒಂದೇ ಉತ್ತರ ಹೋಗುತ್ತಿತ್ತು: ಕೈದಿಯನ್ನು ಕರೆತರಲು ವ್ಯಾನಿಲ್ಲ. ಮುಂದಿನ ತಾರೀಖು ಬೀಳುತ್ತಿತ್ತು. ಹೀಗೆ ಮಳೆಗಾಲ ಕಳೆದು, ಚಳಿ ಕಳೆದು, ಬೇಸಿಗೆ ಬಂದು ಕೂತಿತು.

ಬ್ಯಾರಕ್ ಕಟ್ಟಿದವರು ನಲವತ್ತು ಜನರಿಗೆಂದು ಕಟ್ಟಿದ್ದರು. ಈಗ ಅದರಲ್ಲಿ ಅದರ ಮೂರು ಪಟ್ಟು ಜನರಿದ್ದರು. ಪಾಳಿ ಹಾಕಿಕೊಂಡು ಮಲಗುತ್ತಿದ್ದರು. ಒಬ್ಬ ಎದ್ದ ಜಾಗ ಆರುವ ಮೊದಲೇ ಇನ್ನೊಬ್ಬ ಅಲ್ಲಿ ಬೆನ್ನು ಹಾಕುತ್ತಿದ್ದ. ಇದ್ದದ್ದು ಒಂದೇ ನಲ್ಲಿ. ಮೂಲೆಯ ಕಕ್ಕಸಿಗೆ ಬಾಗಿಲಿರಲಿಲ್ಲವಾದ್ದರಿಂದ ಅದರ ಪಕ್ಕದಲ್ಲಿ ಕೂರುವವರು ಗೋಡೆಗೆ ಮುಖ ಮಾಡುವುದೇ ಮರ್ಯಾದೆ ಎನಿಸಿಕೊಂಡಿತ್ತು. ಆ ಬೇಸಿಗೆಯಲ್ಲಿ ಜ್ವರ ಬಂದಿದ್ದವನೊಬ್ಬ ಇಬ್ಬರ ನಡುವೆ ಕೂತಲ್ಲೇ ತೀರಿಕೊಂಡ. ವಾಲಲು ಜಾಗವಿರಲಿಲ್ಲ, ಹಾಗಾಗಿ ಬೆಳಗಿನ ಹಾಜರಿಯ ತನಕ ಅವನು ಸತ್ತದ್ದು ಯಾರಿಗೂ ತಿಳಿಯಲಿಲ್ಲ. ಹಾಜರಿಯಲ್ಲಿ ಅವನ ಹೆಸರು ಕೂಗಿದಾಗ ಪಕ್ಕದಲ್ಲಿದ್ದ ಪೇಂಟರ್ ಅವನ ಭುಜ ಅಲ್ಲಾಡಿಸಿದ್ದ. ಆ ಭುಜದ ತಣುಪು ಅವನ ಅಂಗೈಯಿಂದ ಬಹಳ ದಿನ ಹೋಗಲಿಲ್ಲ.

ಸುದ್ದಿ ಹೇಗೋ ಗೋಡೆ ದಾಟಿತು. ಕೈದಿಗಳ ಮನೆಯವರು, ವಕೀಲರು, ಕಾಲೇಜಿನ ಮಕ್ಕಳು ಜೈಲಿನ ಮುಂದೆ ಧರಣಿ ಕೂತರು. ಇಸ್ತ್ರಿ ಬಿಟ್ಟು ಅಕ್ಕನೂ ಬಂದು ಕೂತಳು. ಕೊನೆಗೆ ಹೈಕೋರ್ಟು ನಿವೃತ್ತ ನ್ಯಾಯಮೂರ್ತಿಯೊಬ್ಬರ ಕೈಕೆಳಗೆ ಸುಧಾರಣಾ ಸಮಿತಿ ಮಾಡಿತು. ಜೈಲಿನ ಸೂಪರಿಂಟೆಂಡೆಂಟರಿಗೆ ಎಲ್ಲಿಲ್ಲದ ಉತ್ಸಾಹ ಬಂತು. ಕಕ್ಕಸಿಗೆ ಬಾಗಿಲು ಬಂತು. ಪೇಂಟರನ್ನು ಕರೆಸಿ, ಗೋಡೆಗೆಲ್ಲ ಸುಣ್ಣ ಬಳಿದು, ಒಳಗೋಡೆಯ ಮೇಲೆ ಕೈದಿಗಳ ಹಕ್ಕುಗಳನ್ನು ಚೆಂದವಾಗಿ ಬರೆಯಲು ಹೇಳಿದರು. ಸರ್ಕಾರಿ ಗೋಡೆಯ ಮೇಲೆ ಬರೆದದ್ದಕ್ಕೆ ಒಳಗೆ ಬಂದವನು ಸರ್ಕಾರದ ಅಪ್ಪಣೆಯ ಮೇಲೆಯೇ ಸರ್ಕಾರಿ ಗೋಡೆಗೆ ಕುಂಚ ಹಚ್ಚಿದ. ತಿಂಗಳುಗಟ್ಟಲೆ ಬಣ್ಣದ ವಾಸನೆ ಕಾಣದವನು, ಡಬ್ಬ ತೆರೆದಾಗ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡ. ‘ಮಲಗಲು ಸಾಕಷ್ಟು ಸ್ಥಳ’ ಎಂಬ ಸಾಲನ್ನು ಬರೆಯುವಾಗ ಕೆಳಗೆ ಮಲಗಿದ್ದವರನ್ನು ಎಬ್ಬಿಸಿ ಏಣಿ ಇಡಬೇಕಾಯಿತು.

ಸಮಿತಿ ಬರುವ ದಿನ ಬೆಳಿಗ್ಗೆ ಅಂಗಳದಲ್ಲಿ ವ್ಯಾನುಗಳು ಸಾಲಾಗಿ ನಿಂತಿದ್ದವು. ಕೋರ್ಟಿಗೆ ಒಂದೂ ಸಿಗದಿದ್ದ ವ್ಯಾನುಗಳು ಅಂದು ಯಾವ ಬಿಲದಿಂದ ಹೊರಬಂದವೋ. ಹೆಚ್ಚಿನ ಕೈದಿಗಳನ್ನು ಒಳಗೆ ತುರುಕಿ, ಸಂಜೆಯ ತನಕ ಊರಾಚೆಯ ರಸ್ತೆಯಲ್ಲಿ ಸುತ್ತಿಸಿಕೊಂಡು ಬರಲು ಬೆಂಗಾವಲಿನವರಿಗೆ ಹೇಳಿದರು. ಸೈಕಲ್ ಕದ್ದ ಆರೋಪದ ಮೇಲೆ ಬಂದು, ಆ ಸೈಕಲ್ ತುಕ್ಕು ಹಿಡಿದರೂ ಹೊರಗೆ ಹೋಗದಿದ್ದ ಮುದುಕನೊಬ್ಬನಿದ್ದ, ಸೈಕಲ್ ಅಜ್ಜ. ಅವನು ಗಾಳಿ ಸಿಗುವುದೆಂದು ಖುಷಿಯಿಂದ ಹತ್ತಿದ. ಪೇಂಟರೂ ಹತ್ತಲು ಹೋದಾಗ ಸೂಪರಿಂಟೆಂಡೆಂಟರು ತೋಳು ಹಿಡಿದು ಇಳಿಸಿದರು. ಅವನು ಸಮಿತಿಗೆ ತೋರಿಸಲೆಂದು ಇಟ್ಟುಕೊಂಡ ಕೈದಿಯಾಗಿದ್ದ.

ನ್ಯಾಯಮೂರ್ತಿಗಳು ಬಂದರು. ನಲವತ್ತಕ್ಕೂ ಕಡಿಮೆ ಜನ ದೂರದೂರ ಕೂತಿದ್ದ ಬ್ಯಾರಕ್ ನೋಡಿದರು, ಕಕ್ಕಸಿನ ಬಾಗಿಲನ್ನು ತೆರೆದು ಮುಚ್ಚಿ ನೋಡಿದರು. ಏನಾದರೂ ತೊಂದರೆ ಇದೆಯೇ ಎಂದು ಒಬ್ಬೊಬ್ಬರನ್ನೂ ಕೇಳಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಪೇಂಟರೂ ಅನ್ನಲಿಲ್ಲ. ಅವರು ಹೋದ ಮೇಲೂ ಇಲ್ಲೇ ಇರಬೇಕಾದವರು ತಾವು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನ್ಯಾಯಮೂರ್ತಿಗಳು ಗೋಡೆಯ ಅಕ್ಷರಗಳನ್ನು ಮೆಚ್ಚಿ, ಯಾರು ಬರೆದದ್ದು ಎಂದು ಕೇಳಿದರು.

ಸೂಪರಿಂಟೆಂಡೆಂಟರು ಪೇಂಟರನ್ನು ಮುಂದೆ ತಳ್ಳಿದರು. “ಇವನೇ ಸರ್. ಬಂದಾಗ ಕುಂಚ ಹಿಡಿಯೋಕೂ ಬರ್ತಿರಲಿಲ್ಲ. ಎಲ್ಲ ನಾವಿಲ್ಲಿ ಕಲಿಸಿದ್ದು.”

ಬಾಗಿಲಿಲ್ಲದ ಕಕ್ಕಸನ್ನು ಪೇಂಟರ್ ನುಂಗಿಕೊಂಡಿದ್ದ, ಪಾಳಿಯ ನಿದ್ದೆಯನ್ನು ನುಂಗಿಕೊಂಡಿದ್ದ. ಪಕ್ಕದಲ್ಲಿ ಸತ್ತವನ ವಿಷಯವನ್ನೂ ಆಗಷ್ಟೇ ನುಂಗಿಕೊಂಡಿದ್ದ. ಈ ಮಾತು ಮಾತ್ರ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

“ಸುಳ್ಳು ಸಾರ್,” ಎಂದ. “ಮೀಸೆ ಬರೋ ಮುಂಚಿಂದ ಬೋರ್ಡ್ ಬರೀತಿದ್ದೀನಿ. ನನಗೆ ಇಲ್ಲಿ ಕಲಿಸಿದ್ದು ಕೂತ್ಕೊಂಡು ನಿದ್ದೆ ಮಾಡೋದು ಒಂದೇ. ಉಳಿದವರೆಲ್ಲ ವ್ಯಾನಲ್ಲಿದ್ದಾರೆ. ನೀವು ಹೋದ ಮೇಲೆ ವಾಪಸ್ ಬರ್ತಾರೆ.”

ವ್ಯಾನಿನಲ್ಲಿ ಎಲ್ಲಿಗೆ ಹೋಗಿದ್ದಾರೆ ಎಂದು ನ್ಯಾಯಮೂರ್ತಿಗಳು ಸೂಪರಿಂಟೆಂಡೆಂಟರ ಕಡೆಗೆ ತಿರುಗಿ ಕೇಳಿದರು. ಸೂಪರಿಂಟೆಂಡೆಂಟರ ನಾಲಿಗೆಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ ಜಾಗ. ಕೋರ್ಟಿಗೆ ಹೋಗಿದ್ದಾರೆ ಸರ್, ವಿಚಾರಣೆಗೆ, ಎಂದರು.

“ಒಳ್ಳೇದಾಯ್ತು. ನಾನೂ ಆ ಕಡೆಯಿಂದಲೇ ಹೋಗ್ತೀನಿ. ಅವರನ್ನ ಅಲ್ಲೇ ಮಾತಾಡಿಸ್ತೀನಿ.”

“ನಾನೂ ಬರ್ತೀನಿ ಸಾರ್, ನಂದೂ ಕೇಸಿದೆ,” ಎಂದ ಪೇಂಟರ್. ನ್ಯಾಯಮೂರ್ತಿಗಳು ಸೂಪರಿಂಟೆಂಡೆಂಟರ ಮುಖ ನೋಡಿದರು. ಇವನ ತಾರೀಖು ಇವತ್ತಿಲ್ಲ ಎಂದರು ಅವರು. ಅಂದು ಅವರು ಆಡಿದ ನಿಜ ಅದೊಂದೇ. ಅದೂ ಪೇಂಟರಿಗೇ ಮುಳುವಾಯಿತು. ನ್ಯಾಯಮೂರ್ತಿಗಳ ಕಾರು ಗೇಟು ದಾಟುವ ಮೊದಲೇ ಸೂಪರಿಂಟೆಂಡೆಂಟರು ಫೋನು ಹಿಡಿದು ಆಫೀಸಿಗೆ ಓಡಿದರು.

ಆಮೇಲೆ ಆದದ್ದನ್ನು ಪೇಂಟರ್ ವಾಪಸ್ ಬಂದವರಿಂದ ಕೇಳಿದ. ಊರಾಚೆ ಮರದ ನೆರಳಿನಲ್ಲಿ ನಿಂತಿದ್ದ ವ್ಯಾನುಗಳು ಎದ್ದೆನೋ ಬಿದ್ದೆನೋ ಎಂದು ಕೋರ್ಟಿಗೆ ಓಡಿದವಂತೆ. ಅಷ್ಟೊಂದು ಕೈದಿಗಳು ಒಟ್ಟಿಗೆ ಇಳಿದದ್ದು ನೋಡಿ, ಯಾರೋ ಜೈಲು ಒಡೆದರೆಂದು ಗುಮಾಸ್ತರು ಕೋಣೆಯ ಬಾಗಿಲು ಹಾಕಿಕೊಂಡರಂತೆ. ನಿವೃತ್ತ ನ್ಯಾಯಮೂರ್ತಿಗಳು ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟಿದ್ದರಿಂದ ಮ್ಯಾಜಿಸ್ಟ್ರೇಟರು ಊಟಕ್ಕೂ ಏಳದೆ ಕೇಸು ತೆಗೆದರು. ಹಲವರು ತಮ್ಮ ಅಪರಾಧಕ್ಕಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಆಗಲೇ ಒಳಗಿದ್ದರು. ವ್ಯಾನಿನಲ್ಲಿ ಬಂದವರಲ್ಲಿ ಅರ್ಧಕ್ಕರ್ಧ ಜನ ಅಂದೇ ಮನೆಗೆ ಹೋದರು. ಸೈಕಲ್ ಅಜ್ಜ ನಡೆದುಕೊಂಡೇ ಹೋದ.

ಸತ್ಯ ಹೇಳಿದವನು ಅಂದು ಕಾಲು ಚಾಚಿ ಮಲಗಿದ, ಅಷ್ಟೆ. ಏಟು ಬೀಳುತ್ತದೆ ಎಂದು ಕಾದಿದ್ದವನಿಗೆ ಅದೂ ಬೀಳಲಿಲ್ಲ. ಒಂದೇ ದಿನ ಅಷ್ಟು ಜನರನ್ನು ಕೋರ್ಟಿಗೆ ಹಾಜರುಪಡಿಸಿದ ಅಧಿಕಾರಿ ಎಂದು ಸೂಪರಿಂಟೆಂಡೆಂಟರ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅವರ ಕೋಪ ಅಲ್ಲೇ ಕರಗಿಹೋಯಿತು. ವಾರಕ್ಕೊಮ್ಮೆ ವ್ಯಾನು ಹೋಗಲೇಬೇಕು, ಕೈದಿಗಳಿಗೆ ಕಸುಬು ಕಲಿಸಲೇಬೇಕು ಎಂದು ಸಮಿತಿಯ ಆದೇಶವೂ ಬಂತು. ಕಲಿಸುವವನು ಪೇಂಟರೇ ಆದ. ವ್ಯಾನು ಹೊರಡುವ ದಿನಗಳಲ್ಲೆಲ್ಲ, ತರಬೇತಿ ನಿಲ್ಲುತ್ತದೆ, ಮುಂದಿನ ವಾರ ನೋಡೋಣ ಎಂದು ಅವನನ್ನು ಇಳಿಸುತ್ತಿದ್ದರು.

ಭೇಟಿಗೆ ಬಂದ ಅಕ್ಕ ಜಾಲರಿಯ ಆಚೆಯಿಂದ ಅವನನ್ನು ದಿಟ್ಟಿಸಿದಳು. ಅವಳ ಬೆರಳುಗಳ ತುದಿಯಲ್ಲಿ ಇಸ್ತ್ರಿ ಸುಟ್ಟ ಕಲೆಗಳಿದ್ದವು. “ಊರಿಗೆಲ್ಲ ಬಾಗಿಲು ತೆಗೆಸಿದೆಯಲ್ಲೋ. ನೀನು ಅಲ್ಲೇ ಕೂತ್ಕೊಂಡು ಏನ್ ಮಾಡ್ತಿದ್ದೀಯ?”

“ನಾನಿಲ್ದಿದ್ರೆ ಸುಧಾರಣೆ ನಿಂತುಹೋಗುತ್ತಂತೆ ಅಕ್ಕ.”

“ಹಾಗಾದ್ರೆ ಇನ್ನೊಬ್ಬನನ್ನ ತಯಾರು ಮಾಡು. ಲಾಂಡ್ರಿಯಲ್ಲಿ ರಜೆ ಬೇಕಾದ್ರೆ ನಾನು ಅದನ್ನೇ ಮಾಡೋದು.”

ಅವನು ಮಾಡಿದ. ಆಗಷ್ಟೇ ಬಂದಿದ್ದ ಜೇಬುಗಳ್ಳನೊಬ್ಬನ ಬೆರಳುಗಳನ್ನು ನೋಡಿ, ಇವನೇ ಸರಿ ಎಂದುಕೊಂಡ. ಕೈ ಅಲುಗಬಾರದು ಎಂಬ ಅರ್ಧ ಪಾಠ ಅವನಿಗೆ ಮೊದಲೇ ಬರುತ್ತಿತ್ತು. ಒತ್ತಕ್ಷರ ತಿದ್ದಿಸುವುದಕ್ಕೆ ಮಾತ್ರ ಪೇಂಟರ್ ಹಣೆ ಹಣೆ ಚಚ್ಚಿಕೊಂಡ. ತನ್ನ ಬಿಡುಗಡೆಗೆಂದು ಶುರು ಮಾಡಿದ ಪಾಠ, ನಡುವೆ ಎಲ್ಲೋ ಪಾಠವೇ ಆಗಿಹೋಯಿತು. ವ್ಯಾನು ಬಂದ ಒಂದು ದಿನ, ಈ ಸಾಲು ಮುಗಿಯಲಿ ಎಂದು ತಾನೇ ಹತ್ತದೆ ಉಳಿದ. ಅದನ್ನು ಅಕ್ಕನಿಗೆ ಹೇಳಲಿಲ್ಲ.

ಮಳೆ ಶುರುವಾದ ಮೇಲೆ, ಜೇಬುಗಳ್ಳ ಒಬ್ಬನೇ ಬರೆದ ಬೋರ್ಡನ್ನು ಸೂಪರಿಂಟೆಂಡೆಂಟರು ಮೆಚ್ಚಿದ ವಾರ, ಪೇಂಟರ್ ಯಾರನ್ನೂ ಕೇಳದೆ ವ್ಯಾನು ಹತ್ತಿ ಕೂತ. ಯಾರೂ ಇಳಿಸಲಿಲ್ಲ. ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಏನು ಅಪರಾಧ ಎಂದು ಕೇಳಿದರು. ಗೋಡೆ ಬರೆದದ್ದು ಎಂದ. ಇದಕ್ಕೆ ಇಷ್ಟು ದಿನ ಒಳಗಿದ್ದೆಯಾ ಎಂದು ಅವರು ಕನ್ನಡಕ ತೆಗೆದರು. ಮೂರು ತಿಂಗಳ ಶಿಕ್ಷೆಯ ಅಪರಾಧಕ್ಕೆ ಹತ್ತಿರ ಹತ್ತಿರ ವರುಷ ಕಳೆದಿತ್ತು. ಬಿಟ್ಟರು.

ವ್ಯಾನು ಬರುವ ದಿನವೆಲ್ಲ ಬಂದು ಕಾಯುತ್ತಿದ್ದ ಅಕ್ಕ ಅಂದೂ ಛತ್ರಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು. ಅಳುತ್ತಾಳೇನೋ ಎಂದುಕೊಂಡಿದ್ದ, ಅವಳು ಅವನ ಅಂಗಿಯ ಕಾಲರ್ ನೋಡಿ, ಇದನ್ನು ಯಾರು ಒಗೆದದ್ದು ಎಂದು ಬೈದಳು. ಇಬ್ಬರೂ ಒಂದೇ ಛತ್ರಿಯಲ್ಲಿ ಬಸ್ಸಿನ ಕಡೆಗೆ ಹೊರಟರು. ಎದುರಿನಿಂದ ಪೊಲೀಸ್ ವ್ಯಾನೊಂದು ಬಂದು ಕೋರ್ಟಿನ ಗೇಟಿನಲ್ಲಿ ನಿಂತಿತು. ಜಾಲರಿಯ ಹಿಂದೆ ಹೊಸ ಮುಖಗಳು, ಮೈಗೆ ಮೈ ಒತ್ತಿಕೊಂಡು. ಜೈಲಿನೊಳಗೆ ಮಲಗಲು ಜಾಗ ಇದೆಯಾ ಎಂದು, ಇವನು ಅಲ್ಲಿಂದಲೇ ಬಿಟ್ಟು ಬಂದವನೆಂದು ಊಹಿಸಿದ ಅವರಲ್ಲೊಬ್ಬ ಕೂಗಿ ಕೇಳಿದ. ಪೇಂಟರ್ ಛತ್ರಿಯಿಂದ ಹೊರಗೆ ತಲೆ ಹಾಕಿದ.

“ಗೋಡೆ ಮೇಲೆ ಇದೆ ಅಂತ ಬರೆದಿದೆ,” ಎಂದ.